ಹಿಂಬರಹದ ಎರಡು ಸಾಲು



ಘಟಿಕೋತ್ಸವದ ವೇದಿಕೆಯನ್ನೇರಿದವನು ನ್ಯಾಯದೇವತೆಯ ಸ್ತುತಿಯಿಂದ ಉಪಕ್ರಮಿಸಿ, ರಾಷ್ಟ್ರದ ಭವಿಷ್ಯವನ್ನು ಸಾವಕಾಶವಾಗಿ ಇಂದು ಕಾನೂನು ಪದವೀಧರರೆನಿಸಿದ ನಿಮ್ಮ ಹೆಗಲಿಗೇರಿಸಿ, ತಾನು ಹಗುರಾಗಿ ಕೆಳಗಿಳಿಯುವುದು ರೂಢಿ. ಆ ರೂಢಿಯನ್ನು ಮೀರುವ ಧಾರ್ಷ್ಟ್ಯಕ್ಕೆ ಕುಲಪತಿಗಳ ಕ್ಷಮೆಯನ್ನು ಮೊದಲೇ ಬೇಡಿಕೊಂಡು, ನಾನು ಜೇಬಿನಲ್ಲಿ ಮಡಿಚಿಟ್ಟು ತಂದಿರುವ ಒಂದು ಹಳೆಯ ಕಾಗದದ ವಿಷಯವಾಗಿ ನಿಮ್ಮೊಡನೆ ಮಾತನಾಡಬಯಸುತ್ತೇನೆ. ಅದು ಅರ್ಧ ಹಾಳೆ, ಅಂಚು ಹಳದಿಗಟ್ಟಿದೆ, ಮೇಲ್ಗಡೆ ಕಚೇರಿಯ ದುಂಡು ಮೊಹರು, ಕೆಳಗಡೆ ಯಾರಿಗೂ ಓದಲು ಬಾರದಂಥ ಒಂದು ರುಜು, ನಡುವೆ ಬೆರಳಚ್ಚಿನ ಎರಡೇ ಸಾಲು. ನಮ್ಮ ಕಚೇರಿಗಳಲ್ಲಿ ಇದಕ್ಕೆ ಹಿಂಬರಹವೆಂದು ಹೆಸರು. ಆಡಳಿತ ಕಾನೂನನ್ನು ಕುರಿತು ನೀವು ಓದಿರುವ ದಪ್ಪ ಗ್ರಂಥಗಳಲ್ಲಿ ಈ ಶಬ್ದ ಸಿಕ್ಕಿರಲಾರದು; ಆದರೆ ನಿಮ್ಮ ತಂದೆತಾಯಿಗಳಲ್ಲಿ ಅದನ್ನು ಕೈಯಲ್ಲಿ ಹಿಡಿಯದವರು ವಿರಳವೆಂದು ಬಲ್ಲೆ.

ನಾನು ವಕೀಲಿಗೆ ನಿಂತು ಮೂರು ವರ್ಷವೂ ತುಂಬಿರದ ಕಾಲ. ಎರಡೆಕರೆ ಪಿತ್ರಾರ್ಜಿತ ಜಮೀನಿದ್ದ ಒಬ್ಬ ವಿಧವೆ, ಗಂಡನ ಹೆಸರಿನಲ್ಲಿದ್ದ ಪಹಣಿಯನ್ನು ತನ್ನ ಹೆಸರಿಗೆ ಮಾಡಿಸಿಕೊಳ್ಳಲೆಂದು ಪೌತಿ ಖಾತೆಗೆ ಅರ್ಜಿ ಕೊಟ್ಟು, ಹದಿನಾಲ್ಕು ತಿಂಗಳು ಅಲೆದು, ಕೊನೆಗೆ ಕೈಗೆ ಬಂದ ಈ ಕಾಗದವನ್ನು ಸೆರಗಿನ ತುದಿಯಲ್ಲಿ ಗಂಟುಹಾಕಿಕೊಂಡು ನನ್ನಲ್ಲಿಗೆ ಬಂದರು.

"ಇದರಾಗೆ ಏನಂತ ಬರ್ದವ್ರೆ, ಸ್ವಾಮಿ?"

ಸುತ್ತೋಲೆಯನ್ವಯ ಅವಕಾಶವಿರುವುದಿಲ್ಲವಾದ್ದರಿಂದ ಅರ್ಜಿಯನ್ನು ವಿಲೇಗೊಳಿಸಲಾಗಿದೆಯೆಂದು ಅದರಲ್ಲಿತ್ತು. "ಆಗೋದಿಲ್ಲ ಅಂತ ಬರೆದಿದ್ದಾರೆ, ತಾಯಿ" ಎಂದೆ.

"ಯಾಕಂತೆ?"

"ಅದನ್ನು ಬರೆದಿಲ್ಲ."

ಆಕೆ ಸ್ವಲ್ಪ ಹೊತ್ತು ಆ ಕಾಗದವನ್ನೇ ನೋಡಿದರು. ಅನಂತರ, "ಯಾಕೆ ಅಂತ ಬರೀದೇ ಇದ್ರೆ, ನಾನು ಏನನ್ನ ಸರಿ ಮಾಡ್ಕೊಂಡು ಬರ್ಲಿ?" ಎಂದರು.

ಆಡಳಿತಾಧಿಕಾರಿಯು ತನ್ನ ನಿರ್ಣಯಕ್ಕೆ ಕಾರಣ ಕೊಡಬೇಕೆ, ಕೊಡುವುದಾದರೆ ಎಷ್ಟು ಕೊಡಬೇಕು ಎಂಬುದರ ಮೇಲೆ ನ್ಯಾಯಪೀಠಗಳು ಬರೆದಿರುವ ತೀರ್ಪುಗಳನ್ನು ಒಂದರ ಮೇಲೊಂದಿಟ್ಟರೆ ನನ್ನೆತ್ತರಕ್ಕೆ ಬಂದಾವು. ಅವುಗಳಲ್ಲಿ ಬಹುಪಾಲನ್ನು ನಾನು ಆಮೇಲೆ ಓದಿದೆ, ಕೆಲವನ್ನು ವಾದದಲ್ಲಿ ಉದಾಹರಿಸಿಯೂ ಇದ್ದೇನೆ. ಆದರೆ ಕಾರಣವೆಂಬುದು ಯಾರಿಗಾಗಿ ಬರೆಯಲ್ಪಡುತ್ತದೆ ಎಂಬ ಪ್ರಶ್ನೆಗೆ ಆ ಹೆಂಗಸು ಕೊಟ್ಟಷ್ಟು ನೇರವಾದ ಉತ್ತರ ನನಗೆ ಇನ್ನೆಲ್ಲಿಯೂ ದೊರೆತಿಲ್ಲ.

ಮರುದಿನ ಆ ಕಾಗದ ಹೊರಟ ತಾಲ್ಲೂಕು ಕಚೇರಿಗೆ ಹೋದೆ. ವಿಷಯ ನಿರ್ವಾಹಕರು ಕೆಟ್ಟವರಲ್ಲ. ಕುಳಿತುಕೊಳ್ಳಲು ಸ್ಟೂಲು ಕೊಟ್ಟರು, ಮೇಜಿನ ಡ್ರಾಯರನ್ನೆಳೆದು, ಊಟದ ಡಬ್ಬಿಯ ಕೆಳಗಿನಿಂದ ಆ ಸುತ್ತೋಲೆಯನ್ನು ತೆಗೆದು ತೋರಿಸಿದರು. ನಕಲಿನ ನಕಲಿನ ನಕಲು. ಮೇಲಣ ಸಂಖ್ಯೆ ಅರ್ಧ ಕತ್ತರಿಸಿಹೋಗಿತ್ತು, ದಿನಾಂಕವಿದ್ದೆಡೆಯಲ್ಲಿ ಚಹಾದ ಕಲೆ. ಓದಿ ನೋಡಿದರೆ ಅದು ಸರ್ಕಾರದಿಂದ ಮಂಜೂರಾದ ಜಮೀನುಗಳಿಗೆ ಸಂಬಂಧಿಸಿದ್ದು. ಪಿತ್ರಾರ್ಜಿತ ಭೂಮಿಯ ಮಾತೇ ಅದರಲ್ಲಿರಲಿಲ್ಲ. ಹಿಂದಿನವರು ವರ್ಗವಾಗಿ ಹೋಗುವಾಗ ಪ್ರಭಾರ ಒಪ್ಪಿಸುತ್ತ, "ಇಂಥ ಅರ್ಜಿಗಳಿಗೆಲ್ಲ ಇದನ್ನೇ ಹಾಕಿ" ಎಂದು ಬಾಯಿಮಾತಿನಲ್ಲಿ ಹೇಳಿಹೋಗಿದ್ದರಂತೆ. ಉಪವಿಭಾಗಾಧಿಕಾರಿಗಳ ಮುಂದೆ ಮೇಲ್ಮನವಿ ಸಲ್ಲಿಸಿದ ಮೇಲೆ ಖಾತೆಯೇನೋ ಆಯಿತು. ಆದರೆ ಅದೇ ಡ್ರಾಯರಿನಿಂದ ಅದೇ ಕಾಗದದ ಬಲದ ಮೇಲೆ ಅದುವರೆಗೆ ಎಷ್ಟು ಹಿಂಬರಹಗಳು ಹೊರಟಿದ್ದುವೋ, ಅವುಗಳನ್ನು ಪಡೆದವರಲ್ಲಿ ಎಷ್ಟು ಮಂದಿ ಯಾವ ವಕೀಲನ ಬಳಿಗೂ ಹೋಗದೆ ಮನೆಗೆ ಹಿಂದಿರುಗಿದ್ದರೋ, ಅದನ್ನು ನಾನು ಆಗ ಎಣಿಸಲಿಲ್ಲ. ಎಣಿಸಬೇಕಾಗಿತ್ತೆಂದು ಹೊಳೆದದ್ದು ಬಹಳ ತಡವಾಗಿ. ಇಂದು ನಿಮ್ಮ ಮುಂದೆ ನಿಂತು ಮಾತನಾಡಲು ಒಪ್ಪಿಕೊಂಡದ್ದಕ್ಕೆ ನಿಜವಾದ ಕಾರಣವೂ ಅದೇ.

ಕಾನೂನನ್ನು ನಾವು ಮೇಲಿನಿಂದ ಕೆಳಕ್ಕೆ ಕಲಿಯುತ್ತೇವೆ: ಸಂವಿಧಾನ, ಅಧಿನಿಯಮ, ನಿಯಮ, ಅಧಿಸೂಚನೆ, ಸುತ್ತೋಲೆಯವರೆಗೆ ಇಳಿಯುವಷ್ಟರಲ್ಲಿ ಪರೀಕ್ಷೆ ಬಂದಿರುತ್ತದೆ. ಪ್ರಜೆಯಾದರೋ ಅದನ್ನು ಕೆಳಗಿನಿಂದ ಹತ್ತುತ್ತಾನೆ, ಮತ್ತು ಬಹುತೇಕ ಮೊದಲ ಮೆಟ್ಟಿಲಿನಲ್ಲಿಯೇ ಕುಳಿತುಬಿಡುತ್ತಾನೆ. ನಮ್ಮ ಸಂಶೋಧನೆ ಉಚ್ಚ ನ್ಯಾಯಾಲಯದ ವರದಿಯಾದ ತೀರ್ಪುಗಳನ್ನು ಮಾತ್ರ ಆಧರಿಸಿದರೆ, ಅಲ್ಲಿಯವರೆಗೆ ಹತ್ತಬಲ್ಲವರ ಕಷ್ಟ ಮಾತ್ರ ಅದರಲ್ಲಿ ಕಾಣಿಸುತ್ತದೆ.

ಹಾಗೆಂದು ತೀರ್ಪುಗಳನ್ನು ಅಲಕ್ಷಿಸಿರೆಂದು ನಾನು ಹೇಳುವುದಿಲ್ಲ. ಒಂದು ತೀರ್ಪಿನ ಕಥೆಯನ್ನು ವಿಸ್ತಾರವಾಗಿಯೇ ಹೇಳಬೇಕೆಂದಿದ್ದೇನೆ. ಜಯಪುರ ಸಂಸ್ಥಾನದಲ್ಲಿ ಮಹಾರಾಜರು ಅಪ್ರಾಪ್ತವಯಸ್ಕರಾಗಿದ್ದ ಕಾಲದಲ್ಲಿ ರಾಜ್ಯಭಾರವನ್ನು ಒಂದು ಮಂತ್ರಿಪರಿಷತ್ತು ನಡೆಸುತ್ತಿತ್ತು. ಆ ಪರಿಷತ್ತು 1923ರ ಡಿಸೆಂಬರಿನಲ್ಲಿ ಸಭೆ ಸೇರಿ, ಒಂದು ನಿರ್ಣಯದ ಮೂಲಕ ಅಫೀಮಿನ ಅಧಿನಿಯಮವೊಂದನ್ನು ಮಾಡಿತು. ಅದನ್ನು ಗೆಜೆಟ್ಟಿನಲ್ಲಿ ಅಚ್ಚು ಹಾಕಿಸಲಿಲ್ಲ. ಜನರಿಗೆ ತಿಳಿಯುವಂತೆ ಬೇರಾವ ಬಗೆಯಲ್ಲಿಯೂ ಸಾರಲಿಲ್ಲ. 1938ರಲ್ಲಿ ಯಾರಿಗೋ ಸಂದೇಹ ಹುಟ್ಟಿರಬೇಕು. ಈ ಅಧಿನಿಯಮವು 1924ರ ಸೆಪ್ಟೆಂಬರ್ 1ರಿಂದ ಜಾರಿಗೆ ಬಂದಿದೆಯೆಂದು ಅದಕ್ಕೊಂದು ಸಾಲನ್ನು ಸೇರಿಸಿದರು. 1948ರಲ್ಲಿ ಹರ್ಲಾ ಎಂಬಾತನ ಬಳಿ ಮಿತಿಗಿಂತ ಹೆಚ್ಚಿನ ಅಫೀಮು ಸಿಕ್ಕಿತೆಂದು ಅದೇ ಕಾನೂನಿನ ಕೆಳಗೆ ಐವತ್ತು ರೂಪಾಯಿ ದಂಡ ವಿಧಿಸಿದರು. ಆ ಐವತ್ತು ರೂಪಾಯಿಯ ವ್ಯಾಜ್ಯ ಸರ್ವೋಚ್ಚ ನ್ಯಾಯಾಲಯವನ್ನು ಮುಟ್ಟಿ, 1951ರ ಸೆಪ್ಟೆಂಬರಿನಲ್ಲಿ ನ್ಯಾಯಮೂರ್ತಿ ವಿವಿಯನ್ ಬೋಸರು ತೀರ್ಪಿತ್ತರು: ಬಾಗಿಲು ಮುಚ್ಚಿದ ಕೊಠಡಿಯಲ್ಲಿ ಕೆಲವರು ಕುಳಿತು ಮಾಡಿದ ನಿರ್ಣಯವು, ಅದಕ್ಕೊಳಗಾಗುವ ಜನರಿಗೆ ಯಾವುದಾದರೊಂದು ಯುಕ್ತ ರೀತಿಯಲ್ಲಿ ಪ್ರಕಟವಾಗದ ಹೊರತು, ಅವರನ್ನು ದಂಡಿಸಬಲ್ಲ ಕಾನೂನಾಗಲಾರದು.

ಈ ಪ್ರಕರಣದಲ್ಲಿ ನನ್ನನ್ನು ಹೆಚ್ಚಾಗಿ ಆಕರ್ಷಿಸುವುದು ತತ್ತ್ವಕ್ಕಿಂತಲೂ ಅದರ ಹಿಂದೆ ನಡೆದಿರಬೇಕಾದ ಹುಡುಕಾಟ. ಕಾನೂನಿನ ಅಕ್ಷರಾರ್ಥವನ್ನು ಕುರಿತು ಎಷ್ಟು ಬೇಕಾದರೂ ತರ್ಕಿಸಬಹುದಾಗಿತ್ತು; ಇದು ಎಲ್ಲಿ ಪ್ರಕಟವಾಯಿತು ಎಂಬ ಪ್ರಶ್ನೆಯನ್ನೆತ್ತಿ, ಹಳೆಯ ಗೆಜೆಟ್ಟುಗಳನ್ನು ತಿರುವಿಹಾಕಿ, ಇಲ್ಲವೆಂಬುದನ್ನು ಕಂಡುಕೊಳ್ಳುವ ತಾಳ್ಮೆ ಯಾರಿಗೋ ಇತ್ತು. ಇಲ್ಲದುದನ್ನು ಇಲ್ಲವೆಂದು ಸಿದ್ಧಪಡಿಸುವುದು ಸಂಶೋಧನೆಯ ಅತ್ಯಂತ ನೀರಸವಾದ ಭಾಗ, ಮತ್ತು ಪಿಎಚ್.ಡಿ. ಮಾರ್ಗದರ್ಶಕರಿಗೆ ಅತ್ಯಂತ ಅಪ್ರಿಯವಾದದ್ದು.

ಅದೇ ಬೋಸರು ಅದೇ ವರ್ಷದ ನವೆಂಬರಿನಲ್ಲಿ ಇನ್ನೊಂದು ತೀರ್ಪನ್ನು ಬರೆದರು. ಮುಂಬಯಿಯ ಅಂಧೇರಿಯಲ್ಲಿ ಗೋರ್ಧನದಾಸ ಭಾಂಜಿ ಎಂಬವರು ಚಿತ್ರಮಂದಿರ ಕಟ್ಟಲು ಪೊಲೀಸ್ ಕಮಿಷನರಿಂದ ಅನುಮತಿ ಪಡೆದಿದ್ದರು. ಕೆಲವು ವಾರಗಳ ಮೇಲೆ ಕಮಿಷನರಿಂದಲೇ ಒಂದು ಪತ್ರ ಬಂದಿತು: ಅನುಮತಿಯನ್ನು ರದ್ದುಪಡಿಸಲಾಗಿದೆಯೆಂದು ತಿಳಿಸುವಂತೆ ಸರ್ಕಾರವು ತನಗೆ ನಿರ್ದೇಶಿಸಿದೆ, ಎಂದು. ಕಾನೂನಿನಂತೆ ರದ್ದುಪಡಿಸುವ ಅಧಿಕಾರವಿದ್ದುದು ಕಮಿಷನರಿಗೆ, ಸರ್ಕಾರಕ್ಕಲ್ಲ. ತಾನೇ ಆಲೋಚಿಸಿ ರದ್ದು ಮಾಡಿದ್ದೆಂದು ಕಮಿಷನರು ಆಮೇಲೆ ನ್ಯಾಯಾಲಯದಲ್ಲಿ ಕೊಟ್ಟ ವಿವರಣೆಯನ್ನು ಬೋಸರು ಒಪ್ಪಲಿಲ್ಲ. ಸಾರ್ವಜನಿಕ ಆದೇಶವೊಂದನ್ನು ಅದರಲ್ಲಿರುವ ಮಾತುಗಳಿಂದಲೇ ಅರ್ಥಮಾಡಿಕೊಳ್ಳಬೇಕು, ಬರೆದವನು ಆಮೇಲೆ ತನ್ನ ಮನಸ್ಸಿನಲ್ಲಿತ್ತೆಂದು ಹೇಳುವುದರಿಂದಲ್ಲ ಎಂದರು. 1977ರ ಚುನಾವಣೆಯಲ್ಲಿ ಪಂಜಾಬಿನ ಫಿರೋಜ್‌ಪುರದಲ್ಲಿ ಮರುಮತದಾನಕ್ಕೆ ಆಜ್ಞಾಪಿಸಿದ್ದರಿಂದ ಹುಟ್ಟಿದ ಮೊಹಿಂದರ್ ಸಿಂಗ್ ಗಿಲ್ ಪ್ರಕರಣದಲ್ಲಿ ನ್ಯಾಯಮೂರ್ತಿ ಕೃಷ್ಣ ಅಯ್ಯರರು ಈ ಮಾತನ್ನೇ ಹಿಡಿದು ಬೆಳೆಸಿದುದನ್ನು ನೀವು ಓದಿದ್ದೀರಿ. "ಮೇಲಿನವರ ನಿರ್ದೇಶನದ ಮೇರೆಗೆ" ಎಂಬ ನುಡಿ ಇಂದಿಗೂ ನಮ್ಮ ಹಿಂಬರಹಗಳಲ್ಲಿ ನಿರ್ಭಯವಾಗಿ ಓಡಾಡುತ್ತಿದೆ. ಅದನ್ನು ಕಂಡಾಗಲೆಲ್ಲ ಅಂಧೇರಿಯ ಆ ಚಿತ್ರಮಂದಿರ ನನ್ನ ನೆನಪಿಗೆ ಬರುತ್ತದೆ.

ನಮ್ಮ ಕಾರ್ಕಳ ಸೀಮೆಯ ಕೌಡೂರಿನ ನ್ಯಾಯಮೂರ್ತಿ ಸದಾನಂದ ಹೆಗ್ಡೆಯವರು 1969ರಲ್ಲಿ ಬರೆದ ಕ್ರೈಪಾಕ್ ತೀರ್ಪನ್ನು ವಿವರಿಸುವ ಅಗತ್ಯವಿಲ್ಲ. ಕಾಶ್ಮೀರದ ಅರಣ್ಯ ಇಲಾಖೆಯಲ್ಲಿ ಅಭ್ಯರ್ಥಿಯೇ ಆಯ್ಕೆ ಮಂಡಳಿಯ ಸದಸ್ಯನಾಗಿ ತನ್ನ ಪ್ರತಿಸ್ಪರ್ಧಿಗಳ ಯೋಗ್ಯತೆಯನ್ನಳೆದ ಆ ವಿಚಿತ್ರವನ್ನು ಒಮ್ಮೆ ಕೇಳಿದವರಾರೂ ಮರೆಯಲಾರರು. ಇಂಗ್ಲೆಂಡಿನಲ್ಲಿ ಆಡಳಿತ ಕಾನೂನೆಂಬುದೇ ಇಲ್ಲವೆಂದು 1885ರಲ್ಲಿ ಪ್ರತಿಪಾದಿಸಿದ ನ್ಯಾಯಶಾಸ್ತ್ರಜ್ಞ ಡೈಸಿಯನ್ನಂತೂ, ಪರೀಕ್ಷೆ ಮುಗಿದಿರುವುದರಿಂದ, ಇನ್ನು ಮರೆತರೂ ನಷ್ಟವಿಲ್ಲ.

ಬೆಂಗಳೂರಿನ ಉಚ್ಚ ನ್ಯಾಯಾಲಯದ ಕೆಂಪು ಕಟ್ಟಡವನ್ನು ಹಿರಿಯರು ಅಠಾರಾ ಕಚೇರಿಯೆಂದು ಕರೆಯುತ್ತಿದ್ದುದನ್ನು ನೀವು ಕೇಳಿರಬಹುದು. 1864ರಿಂದ 1868ರವರೆಗೆ ಕಟ್ಟಿದ ಆ ಭವನದಲ್ಲಿ ಮೈಸೂರು ಸರ್ಕಾರದ ಹದಿನೆಂಟು ಇಲಾಖೆಗಳು ಕುಳಿತಿದ್ದುದರಿಂದ ಆ ಹೆಸರು. ಸಚಿವಾಲಯವು ರಸ್ತೆಯ ಆಚೆಗೆ ವಿಧಾನಸೌಧಕ್ಕೆ ದಾಟಿತು. ಆದೇಶಗಳು ಹೊರಡುತ್ತಿದ್ದ ಕೊಠಡಿಗಳಲ್ಲಿಯೇ ಇಂದು ಆದೇಶಗಳ ವಿಚಾರಣೆ ನಡೆಯುತ್ತಿದೆ. ನಾನು ಅಲ್ಲಿ ವಾದಿಸುತ್ತ ನಿಂತಾಗ, ಈ ಗೋಡೆಗಳ ನಡುವೆ ಒಂದಾನೊಂದು ಕಾಲದಲ್ಲಿ ಗುಮಾಸ್ತನೊಬ್ಬ ಕುಳಿತು ಎಂಥ ಹಿಂಬರಹಗಳನ್ನು ಬರೆದಿದ್ದಾನೆಂದು ಕುತೂಹಲಗೊಂಡದ್ದುಂಟು.

ಇನ್ನು ನಿಮ್ಮ ಕೈಯಲ್ಲಿರುವ ಸಾಧನಗಳ ಮಾತು. ಕೇಂದ್ರದ ಮಾಹಿತಿ ಹಕ್ಕು ಅಧಿನಿಯಮ ಬಂದದ್ದು 2005ರಲ್ಲಿ. ಕರ್ನಾಟಕವು ತನ್ನದೇ ಕಾನೂನನ್ನು 2000ದಲ್ಲಿಯೇ ಮಾಡಿಕೊಂಡಿತ್ತು. 2005ರ ಅಧಿನಿಯಮದ 4ನೆಯ ಪ್ರಕರಣವನ್ನು ಅರ್ಜಿ ಬರೆಯುವವರು ಸಾಮಾನ್ಯವಾಗಿ ದಾಟಿ 6ನೆಯದಕ್ಕೆ ಹೋಗುತ್ತಾರೆ; ಆದರೆ ನೌಕರರು ತಮ್ಮ ಕೆಲಸಕ್ಕೆ ಬಳಸುವ ನಿಯಮ, ಸೂಚನೆ, ಕೈಪಿಡಿಗಳನ್ನು ಯಾರೂ ಕೇಳುವ ಮೊದಲೇ ಪ್ರಕಟಿಸಬೇಕೆಂದೂ, ನಿರ್ಣಯದಿಂದ ಬಾಧಿತರಾದವರಿಗೆ ಅದರ ಕಾರಣಗಳನ್ನು ಒದಗಿಸಬೇಕೆಂದೂ ಅಲ್ಲಿ ಹೇಳಿದೆ. ಊಟದ ಡಬ್ಬಿಯ ಕೆಳಗಿದ್ದ ಸುತ್ತೋಲೆಗೂ ಆ ತಾಯಿಯ ಪ್ರಶ್ನೆಗೂ ಸಂಸತ್ತು ಉತ್ತರವನ್ನು ಬರೆದಿಟ್ಟಿದೆ ಎಂದಾಯಿತು. ಸಕಾಲವೆಂದು ನಾವು ಕರೆಯುವ 2011ರ ಅಧಿನಿಯಮವು ಸೇವೆಗಳಿಗೆ ಕಾಲಮಿತಿಯನ್ನು ಗೊತ್ತುಪಡಿಸಿ, ತಡವಾದರೆ ದಿನಕ್ಕೆ ಇಪ್ಪತ್ತು ರೂಪಾಯಿಯಂತೆ ಐನೂರರವರೆಗೆ ಪರಿಹಾರವನ್ನು ವಿಧಿಸಿತು. ನಾನು ಅದನ್ನು ಮೆಚ್ಚುವವನೇ; ಆದರೂ ಗಡುವಿನೊಳಗೆ ಕೈಸೇರಿದ ಕಾರಣವಿಲ್ಲದ ತಿರಸ್ಕಾರವೂ ಗಡಿಯಾರದ ಲೆಕ್ಕಕ್ಕೆ ಸಕಾಲವೇ ತಾನೆ? ಇಂಥ ತಿರಸ್ಕಾರಗಳೆಷ್ಟೆಂದು ತಿಳಿಯಲು ಯಾರಾದರೂ ಒಂದು ತಾಲ್ಲೂಕನ್ನು, ಒಂದು ಬಗೆಯ ಅರ್ಜಿಯನ್ನು, ಒಂದು ವರ್ಷದ ಹಿಂಬರಹಗಳನ್ನು ಆರಿಸಿಕೊಂಡು, ಅವುಗಳಲ್ಲಿ ನಿಯಮವನ್ನು ಹೆಸರಿಸಿದವು ಎಷ್ಟು, ಹೆಸರಿಸಿದ ನಿಯಮ ನಿಜವಾಗಿ ಇರುವವು ಎಷ್ಟು, ಇದ್ದು ಆ ಅರ್ಜಿಗೆ ಅನ್ವಯಿಸುವವು ಎಷ್ಟು ಎಂದು ಎಣಿಸಿ ನೋಡಬೇಕು.

ಹಾಗೆ ಎಣಿಸಹೊರಟವರಿಗೆ ಕನ್ನಡ ಚೆನ್ನಾಗಿ ಬರಬೇಕು. ಇದನ್ನು ಭಾಷಾಭಿಮಾನದಿಂದ ಹೇಳುತ್ತಿಲ್ಲ. ನಮ್ಮ ಅಧಿನಿಯಮಗಳಲ್ಲಿ "ಮಾಡತಕ್ಕದ್ದು" ಎಂದರೆ ಕರ್ತವ್ಯ, "ಮಾಡಬಹುದು" ಎಂದರೆ ವಿವೇಚನೆ, "ಕೂಡದು" ಎಂದರೆ ನಿಷೇಧ, ಇಷ್ಟು ಸ್ಪಷ್ಟ. ಆದರೆ ಸುತ್ತೋಲೆಯ ಕೊನೆಗೆ ಬಂದು ನೋಡಿರಿ: "ಪರಿಶೀಲಿಸಿ ನಿಯಮಾನುಸಾರ ಸೂಕ್ತ ಕ್ರಮ ಕೈಗೊಳ್ಳುವುದು." ಈ "ಕೈಗೊಳ್ಳುವುದು" ಎಂಬುದು ಆಜ್ಞೆಯೋ, ಸಲಹೆಯೋ? ಕೆಳಗಿನ ಅಧಿಕಾರಿ ಅದನ್ನು ಆಜ್ಞೆಯೆಂದು ಓದಿ ಹೆದರುತ್ತಾನೆ. ಪ್ರಶ್ನೆ ಬಂದಾಗ ಮೇಲಿನ ಅಧಿಕಾರಿ ಅದು ಸಲಹೆಯಾಗಿತ್ತೆನ್ನುತ್ತಾನೆ. ನ್ಯಾಯಾಲಯಕ್ಕೆ ಸಲ್ಲಿಸುವ ಇಂಗ್ಲಿಷ್ ಅನುವಾದದಲ್ಲಿ ಅನುವಾದಕನು ತನಗೆ ತೋಚಿದ ಕ್ರಿಯಾಪದವನ್ನು ಹಾಕಿ ಈ ಜಟಿಲತೆಯನ್ನೇ ಅಳಿಸಿಬಿಡುತ್ತಾನೆ. ಒಂದು ಕ್ರಿಯಾರೂಪದೊಳಗೆ ಅವಿತಿರುವ ಈ ವಿವೇಚನಾಧಿಕಾರದ ಮೇಲೆ ಒಂದು ಒಳ್ಳೆಯ ಪ್ರಬಂಧವನ್ನು ಓದಬೇಕೆಂದು ನನಗೆ ಬಹುಕಾಲದಿಂದ ಆಸೆ.

ಗುಮಾಸ್ತನ ಪಕ್ಷದಿಂದಲೂ ಒಂದು ಮಾತು. ಕಾರಣ ಬರೆದವನು ಸಿಕ್ಕಿಬೀಳುತ್ತಾನೆ. ಬರೆಯದವನನ್ನು ಲೆಕ್ಕಪರಿಶೋಧಕನೂ ಹಿಡಿಯಲಾರ. ಬರೆಯದಿರುವುದರಲ್ಲಿ ಎಷ್ಟೋ ಸಲ ದುರುದ್ದೇಶಕ್ಕಿಂತ ಭಯವೇ ಹೆಚ್ಚು. ಆದುದರಿಂದ ನೀವು ಕಚೇರಿಗೆ ಹೋದಾಗ ಸ್ಟೂಲಿನ ಮೇಲೆ ಕುಳಿತು, ಆತನ ಮಾತನ್ನೂ ಕೇಳಿ ಬರೆದುಕೊಳ್ಳಿರಿ. ಕಡತದ ಟಿಪ್ಪಣಿ ಹಾಳೆ ಹೇಳದ ಅನೇಕ ಸಂಗತಿಗಳನ್ನು ಆತ ಹೇಳಬಲ್ಲ.

ಆ ಮೊದಲ ಕಾಗದದ ತರುವಾಯ ನನ್ನ ಕಕ್ಷಿದಾರರು ಬಿಟ್ಟುಹೋದ ಹಿಂಬರಹಗಳನ್ನು, ಅವರ ಒಪ್ಪಿಗೆ ಪಡೆದು, ಒಂದು ಕಟ್ಟಿನಲ್ಲಿ ಕೂಡಿಡುತ್ತ ಬಂದೆ. ಹೆಸರು, ಊರು, ಸರ್ವೆ ನಂಬರುಗಳಿಗೆಲ್ಲ ಮಸಿ ಬಳಿದಿದೆ. ಈ ಬೆಳಿಗ್ಗೆ ಸಭಾಂಗಣಕ್ಕೆ ಬರುವ ಮೊದಲು ಅದನ್ನು ನಿಮ್ಮ ಗ್ರಂಥಪಾಲರಿಗೆ ಒಪ್ಪಿಸಿ ರಸೀದಿ ಪಡೆದಿದ್ದೇನೆ. ಜೇಬಿನಲ್ಲಿರುವ ಇದೊಂದು ಉಳಿದಿತ್ತು. ಇಳಿದು ಹೋಗುವಾಗ ಇದನ್ನೂ ಅವರಿಗೆ ಕೊಡುತ್ತೇನೆ. ಆ ಕಟ್ಟಿನ ಲಾಡಿ ಹಳೆಯದು, ಬಿಚ್ಚುವಾಗ ತುಸು ಜೋಕೆ.