ಮನಸ್ಸಿನ ಬೇನೆಗೂ ಮದ್ದುಂಟು

ಜ್ವರ ಬಂದರೆ ರಜೆ ಕೇಳುತ್ತೇವೆ. ಮನಸ್ಸು ಕುಸಿದರೆ ಬಾಯಿ ಬಿಡುವುದಿಲ್ಲ. ನಿದ್ದೆ ಬಾರದು, ಅನ್ನ ರುಚಿಸದು, ಕೆಲಸಕ್ಕೆ ಕೈ ಏಳದು. ಎರಡು ವಾರ ಹೀಗೇ ಇದ್ದರೆ ಅದು ಸೋಮಾರಿತನವಲ್ಲ, ಖಿನ್ನತೆಯೆಂಬ ಕಾಯಿಲೆಯಿರಬಹುದು.

ಗೋವೆಯ 10 ಆರೋಗ್ಯ ಕೇಂದ್ರಗಳಲ್ಲಿ ಡಾ. ವಿಕ್ರಂ ಪಟೇಲರ ತಂಡವು ಇಂಥ 495 ಮಂದಿಯನ್ನು ಎರಡು ಪಾಲು ಮಾಡಿ ಪ್ರಯೋಗ ನಡೆಸಿ, 2016ರಲ್ಲಿ ಫಲವನ್ನು ಪ್ರಕಟಿಸಿತು. ಒಂದು ಪಾಲಿನವರೊಡನೆ, ವೈದ್ಯರಲ್ಲದ ಆದರೆ ತರಬೇತಿ ಹೊಂದಿದ ಸಾಮಾನ್ಯರೇ ಆರೆಂಟು ಸಲ ಕುಳಿತು ಮಾತಾಡಿ, ಬಿಟ್ಟುಹೋದ ದಿನಚರಿಯನ್ನು ಒಂದೊಂದಾಗಿ ಮತ್ತೆ ಹಿಡಿಸಿದರು. ಮೂರು ತಿಂಗಳಲ್ಲಿ ಅವರಲ್ಲಿ ನೂರಕ್ಕೆ 64 ಮಂದಿ ಚೇತರಿಸಿಕೊಂಡಿದ್ದರು. ಮಾಮೂಲು ಆರೈಕೆ ಮಾತ್ರ ಪಡೆದವರಲ್ಲಿ 39.

ಆದುದರಿಂದ, ಕೋಣೆಯ ಜೊತೆಗಾರ ಮೌನವಾದರೆ ಗೇಲಿ ಮಾಡದೆ ಬಳಿ ಕುಳಿತು ಕೇಳಿರಿ. 14416ಕ್ಕೆ ಫೋನು ಮಾಡಿದರೆ ಸರಕಾರದ ಟೆಲಿ ಮಾನಸ್‌ನಲ್ಲಿ ಕನ್ನಡದಲ್ಲಿಯೂ ಬಿಟ್ಟಿ ಸಲಹೆಯುಂಟು. ನಾಚಿಕೆ ಬೇಡ.