ಬೈಸಿಕೊಳ್ಳುವ ಕಸುಬು

ಇವತ್ತಿನ ಮಾತು ರೆಸ್ಲಿಂಗ್ ರಿಂಗಿನ ಖಳರ ಬಗ್ಗೆ. ಬೈಸಿಕೊಳ್ಳುವುದನ್ನೇ ಕಸುಬು ಮಾಡಿಕೊಂಡವರ ಬಗ್ಗೆ.

ಕಿಲ್ಲರ್ ಕೊವಾಲ್‌ಸ್ಕಿ ಅಂತ ಒಬ್ಬ ಇದ್ದ. ಪೋಲೆಂಡ್ ಮೂಲದ ಕೆನಡಾದವ, ಆರೂವರೆ ಅಡಿ ದಾಟಿದ ಆಳು. 1964ರಲ್ಲಿ ಸಿಡ್ನಿ, ಮೆಲ್ಬರ್ನ್‌ಗಳಲ್ಲಿ ಟಿವಿ ರೆಸ್ಲಿಂಗ್ ಶುರುವಾದಾಗ ಜನ ಸಿಟ್ಟು ಕಾರಿದ್ದು ಇವನ ಮೇಲೆ. ಎದುರಾಳಿಯ ಹೊಟ್ಟೆಗೆ ಪಂಜ ಹಾಕಿ ಹಿಂಡುವುದು ಅವನ ಹೆಸರಾಂತ ಪಟ್ಟು. ಆಸ್ಟ್ರೇಲಿಯಾಕ್ಕೆ ಬರುವ ಮೊದಲೇ ಅವನ ಹಿಂದೆ ಒಂದು ಕತೆ ನಡೆದುಬಂದಿತ್ತು. 1952ರಲ್ಲಿ ಮಾಂಟ್ರಿಯಲ್‌ನ ಪಂದ್ಯವೊಂದರಲ್ಲಿ ಅವನ ಮಂಡಿಯ ಹೊಡೆತಕ್ಕೆ ಯೂಕಾನ್ ಎರಿಕ್ ಎಂಬ ಮಲ್ಲನ ಕಿವಿಯ ಚೂರು ಹರಿದುಬಿತ್ತು. ಅದು ನಾಟಕವಲ್ಲ, ಅಪಘಾತ. ಕ್ಷಮೆ ಕೇಳೋಣವೆಂದು ಆಸ್ಪತ್ರೆಗೆ ಹೋದ ಕೊವಾಲ್‌ಸ್ಕಿ, ತಲೆತುಂಬ ಬ್ಯಾಂಡೇಜ್ ಸುತ್ತಿಕೊಂಡು ಮಲಗಿದ್ದ ಗೆಳೆಯನನ್ನು ಕಂಡು ನಗು ತಡೆಯಲಾರದೆ ನಕ್ಕ. ಗೆಳೆಯನೂ ನಕ್ಕನಂತೆ. ಪತ್ರಿಕೆಗೆ ಹೋದದ್ದು ಇವನ ನಗು ಮಾತ್ರ. ಅಲ್ಲಿಂದಾಚೆ ಜೀವಮಾನವಿಡೀ ಅವನು ಬೈಸಿಕೊಂಡೇ ಬದುಕಿದ.

ಈ ಮನುಷ್ಯ ಮಾಂಸ ಮುಟ್ಟುತ್ತಿರಲಿಲ್ಲ. ಸಸ್ಯಾಹಾರಿ, ಮೆದುಮಾತಿನವ. ಮೆಲ್ಬರ್ನ್‌ನ ಹೊರವಲಯದ ಟ್ರುಗನಿನಾದಲ್ಲಿ ನಮ್ಮ ಕನ್ನಡಿಗರ ಯಾರ ಮನೆಗೆ ಊಟಕ್ಕೆ ಕರೆದಿದ್ದರೂ ಹುಳಿ ಅನ್ನ, ಮೊಸರನ್ನ ಉಂಡು ಕೈಮುಗಿದು ಹೋಗಬಹುದಾಗಿದ್ದ ಆಸಾಮಿ. ಅಂಥವನನ್ನು ದ್ವೇಷಿಸಲಿಕ್ಕೆಂದು ಜನ ದುಡ್ಡು ಕೊಟ್ಟು, ಸಾಲಿನಲ್ಲಿ ನಿಂತು, ಟಿಕೆಟ್ ಕೊಳ್ಳುತ್ತಿದ್ದರು. ನಾಯಕ ಗೆಲ್ಲಲಿ ಎಂಬ ಆಸೆಗಿಂತ ಖಳ ಮಣ್ಣು ಮುಕ್ಕಲಿ ಎಂಬ ಆಸೆಗೇ ಈ ವ್ಯಾಪಾರದಲ್ಲಿ ಬೆಲೆ ಹೆಚ್ಚು.

ಈ ಆಸೆ ಟಿವಿಗಿಂತ ಹಳೆಯದು. ಆಸ್ಟ್ರೇಲಿಯಾದಲ್ಲಿ ಅದರ ಕಹಿಯಾದ ಆರಂಭವನ್ನು ನೋಡಬೇಕಾದರೆ ಸಿಡ್ನಿಯ ರಷ್‌ಕಟರ್ಸ್ ಬೇಗೆ ಹೋಗಬೇಕು. ಹ್ಯೂ ಮ್ಯಾಕಿಂಟೋಶ್ ಎಂಬ ಉದ್ಯಮಿ 1908ರಲ್ಲಿ ಅಲ್ಲಿ ಒಂದು ಕ್ರೀಡಾಂಗಣ ಕಟ್ಟಿಸಿದ. ಆ ವರ್ಷದ ಡಿಸೆಂಬರ್ 26ರಂದು ಅಲ್ಲಿ ವಿಶ್ವ ಹೆವಿವೇಟ್ ಬಾಕ್ಸಿಂಗ್ ಪಂದ್ಯ. ಕೆನಡಾದ ಬಿಳಿಯ ಟಾಮಿ ಬರ್ನ್ಸ್ ಎದುರು ಅಮೆರಿಕದ ಕಪ್ಪುವರ್ಣದ ಜ್ಯಾಕ್ ಜಾನ್ಸನ್. ಒಳಗೆ ಸುಮಾರು 20,000 ಜನ. ಅವರಲ್ಲಿ ಬಹುಪಾಲು ಬಂದಿದ್ದು ಕರಿಯನೊಬ್ಬ ಪೆಟ್ಟು ತಿನ್ನುವುದನ್ನು ನೋಡಲು. ಜಾನ್ಸನ್ ಯಾವ ವೇಷವನ್ನೂ ಹಾಕಿರಲಿಲ್ಲ. ಅವನ ಚರ್ಮವನ್ನೇ ಜನ ಖಳನ ವೇಷವೆಂದು ಓದಿಕೊಂಡರು. ಅವನೋ, ಬೈಗುಳಕ್ಕೆ ನಗುನಗುತ್ತಲೇ ಉತ್ತರ ಕೊಡುತ್ತ, ಬರ್ನ್ಸ್‌ನನ್ನು ಕೆಣಕುತ್ತ ಹೊಡೆದ. 14ನೇ ಸುತ್ತಿನಲ್ಲಿ ಪೊಲೀಸರು ನಡುವೆ ಬಂದು ಪಂದ್ಯ ನಿಲ್ಲಿಸಬೇಕಾಯಿತು. ಜನ ಹಾಕಿದ ದುಡ್ಡಿಗೆ ಅವರು ಬಯಸಿದ ಕತೆ ಸಿಗಲಿಲ್ಲ.

ಅದು ನಿಜವಾದ ಹೊಡೆದಾಟ. ಕೊನೆಯನ್ನು ಮೊದಲೇ ಗೊತ್ತುಮಾಡಿಕೊಂಡ ರೆಸ್ಲಿಂಗ್‌ನಲ್ಲಿ ಇಂಥ ‘ಅನಾಹುತ’ಕ್ಕೆ ಅವಕಾಶವಿಲ್ಲ. ಆದರೆ ಯಾರನ್ನು ಖಳನ ಜಾಗದಲ್ಲಿ ನಿಲ್ಲಿಸಿದರೆ ಟಿಕೆಟ್ ಹೋಗುತ್ತದೆ ಎಂಬ ಲೆಕ್ಕ ಎರಡಕ್ಕೂ ಒಂದೇ. ಈ ಮಾತನ್ನು ನೆನಪಿಟ್ಟುಕೊಳ್ಳಿ, ಸ್ವಲ್ಪ ಹೊತ್ತಿನಲ್ಲಿ ಅದು ನಮ್ಮವರ ಬಾಗಿಲಿಗೇ ಬರುತ್ತದೆ.

ಖಳನ ಪಾತ್ರವನ್ನು ಒಂದು ಕಲೆಯಾಗಿ ಬೆಳೆಸಿದವನು ಅಮೆರಿಕದ ಗಾರ್ಜಿಯಸ್ ಜಾರ್ಜ್. 1940ರ ದಶಕದ ಕೊನೆಯಲ್ಲಿ ಮನೆಮನೆಗೆ ಟಿವಿ ಬರುತ್ತಿದ್ದಾಗ ಅವನು ಬಂಗಾರದ ಬಣ್ಣದ ಗುಂಗುರು ಕೂದಲು ಬಿಟ್ಟು, ಜರಿ ನಿಲುವಂಗಿ ತೊಟ್ಟು, ರಿಂಗಿಗೆಲ್ಲ ಸುಗಂಧ ಸಿಂಪಡಿಸುವ ಆಳನ್ನು ಮುಂದೆ ಬಿಟ್ಟುಕೊಂಡು ಬರುತ್ತಿದ್ದ. ಅವನ ಬಿಂಕಕ್ಕೇ ಗಂಡಸರು ಹಲ್ಲು ಕಡಿಯುತ್ತಿದ್ದರು. 1961ರಲ್ಲಿ ಲಾಸ್ ವೇಗಸ್‌ನಲ್ಲಿ ಹತ್ತೊಂಬತ್ತರ ಹುಡುಗನೊಬ್ಬ ಇವನನ್ನು ಕಂಡ, ಇವನ ಬಡಾಯಿ ಕೇಳಿದ, ಆಮೇಲೆ ಕಿಕ್ಕಿರಿದ ಸಭಾಂಗಣವನ್ನೂ ನೋಡಿದ. ಬಾಯಿ ಮುಚ್ಚಿಸಬೇಕೆಂದು ಬರುವವರೂ ಟಿಕೆಟ್ ಕೊಂಡೇ ಬರಬೇಕಲ್ಲ ಎಂಬುದು ಹುಡುಗನಿಗೆ ಹೊಳೆಯಿತು. ಮುಂದೆ ಅವನೇ ಮಹಮ್ಮದ್ ಅಲಿ.

ಈಗ ಮೆಲ್ಬರ್ನ್‌ಗೆ ಬರೋಣ. 1964ರಲ್ಲಿ ಜಿಮ್ ಬಾರ್ನೆಟ್, ಜಾನಿ ಡಾಯ್ಲ್ ಎಂಬ ಇಬ್ಬರು ಅಮೆರಿಕನ್ನರು ಇಲ್ಲಿ ವರ್ಲ್ಡ್ ಚಾಂಪಿಯನ್‌ಶಿಪ್ ರೆಸ್ಲಿಂಗ್ ಶುರು ಮಾಡಿದರು. ಚಾನೆಲ್ ನೈನ್‌ನಲ್ಲಿ ವಾರಾಂತ್ಯದ ಪ್ರಸಾರ, ಜ್ಯಾಕ್ ಲಿಟಲ್ ಅವರ ವೀಕ್ಷಕ ವಿವರಣೆ. ಸಿಡ್ನಿಯಲ್ಲಿ ಪಂದ್ಯ ನಡೆಯುತ್ತಿದ್ದುದು ಜಾನ್ಸನ್ ಗೆದ್ದ ಅದೇ ಹಳೆಯ ಕ್ರೀಡಾಂಗಣದಲ್ಲಿ. 1970ರಲ್ಲಿ ರೈಲು ಮಾರ್ಗಕ್ಕಾಗಿ ಅದನ್ನು ಕೆಡವಿದರು. ಮೆಲ್ಬರ್ನ್‌ನಲ್ಲಿ ಡಡ್ಲಿ ಸ್ಟ್ರೀಟಿನ ಫೆಸ್ಟಿವಲ್ ಹಾಲ್. ಬೀಟಲ್ಸ್ ಹಾಡಿದ ಹಾಲ್ ಅದು, 1956ರ ಒಲಿಂಪಿಕ್ಸ್‌ನ ಬಾಕ್ಸಿಂಗ್ ನಡೆದದ್ದೂ ಅಲ್ಲೇ. 2020ರಲ್ಲಿ ಅದನ್ನು ಒಂದು ಚರ್ಚು ಕೊಂಡುಕೊಂಡಿತು. ಕಿರುಚುವುದಕ್ಕೆ ಬಂದವರ ಜಾಗಕ್ಕೆ ಪ್ರಾರ್ಥನೆಗೆ ಬಂದವರು. ಕಟ್ಟಡಕ್ಕೆ ಎರಡೂ ಒಂದೇ ಅನ್ನಿಸಿರಬಹುದು.

ಆ ಹಾಲ್‌ನಲ್ಲಿ ಕೂತಿದ್ದವರಲ್ಲಿ ವಲಸೆಗಾರರು ಬಹಳ. ಯುದ್ಧದ ನಂತರ ಹಡಗು ಹತ್ತಿ ಬಂದ ಇಟಲಿಯವರು, ಗ್ರೀಕರು. ಹಗಲೆಲ್ಲ ಕಾರ್ಖಾನೆಯಲ್ಲಿ ತಲೆ ತಗ್ಗಿಸಿ ದುಡಿಯುವವರು, ಅರೆಬರೆ ಇಂಗ್ಲಿಷಿನವರು. ಅವರಿಗೆಂದೇ ನಾಯಕರನ್ನು ತಂದರು: ಟ್ರಿಯೆಸ್ಟ್‌ನಲ್ಲಿ ಹುಟ್ಟಿದ ಮಾರಿಯೋ ಮಿಲಾನೋ, ಗ್ರೀಕರ ಸ್ಪೈರೋಸ್ ಏರಿಯನ್. ಆದರೆ ನಾಯಕನನ್ನು ಸುಮ್ಮನೆ ನಿಲ್ಲಿಸಿದರೆ ಚಪ್ಪಾಳೆ ಎರಡು ನಿಮಿಷ. ಇಡೀ ರಾತ್ರಿ ಹಾಲನ್ನು ಕುದಿಯಲು ಇಡಬೇಕಾದರೆ ಖಳ ಬೇಕು. ರೆಫರಿಗಾಗಲಿ ಎದುರಾಳಿಗಾಗಲಿ ಮನಸಾರೆ ಬೈಯುವುದಕ್ಕೆ ವ್ಯಾಕರಣ ಬೇಡ, ವೀಸಾ ಕೇಳುವವರಿಲ್ಲ, ಮೇಸ್ತ್ರಿಯ ಭಯವಿಲ್ಲ. ಖಳ ಮಾಡುತ್ತಿದ್ದ ಉಪಕಾರ ಅದು.

ಅವನ ಕೆಲಸ ಹೇಗೆ ನಡೆಯುತ್ತದೆ ನೋಡಿ. ರೆಫರಿ ಬೇರೆ ಕಡೆ ತಿರುಗಿದ ಕ್ಷಣ ಖಳ ಚಡ್ಡಿಯೊಳಗಿಂದ ಏನೋ ತೆಗೆಯುತ್ತಾನೆ, ಗುದ್ದುತ್ತಾನೆ, ಮತ್ತೆ ಬಚ್ಚಿಡುತ್ತಾನೆ. ರೆಫರಿ ಇತ್ತ ತಿರುಗಿದರೆ ಎರಡೂ ಕೈ ಎತ್ತಿ ಸಾಧುವಿನಂತೆ ನಿಲ್ಲುತ್ತಾನೆ. ಮೋಸ ಸಾವಿರಾರು ಜನಕ್ಕೆ ಕಂಡಿದೆ, ನೋಡಬೇಕಾದ ಒಬ್ಬನಿಗೆ ಮಾತ್ರ ಕಂಡಿಲ್ಲ. ಹಾಗಾಗಿ ಸಭೆಯಲ್ಲಿ ಕೂತವರೆಲ್ಲ ಸಾಕ್ಷಿಗಳಾಗಿಬಿಡುತ್ತಾರೆ. ಸಾಕ್ಷಿ ಹೇಳಲು ಎದ್ದು ನಿಂತವನು ಮತ್ತೆ ಕೂರುವುದು ಕಷ್ಟ. ಹಗ್ಗ ಹಿಡಿದವನನ್ನು ಬಿಡಲು ರೆಫರಿ ಐದರವರೆಗೆ ಎಣಿಸುತ್ತಾನೆ. ಖಳ ನಾಲ್ಕಕ್ಕೆ ಬಿಡುತ್ತಾನೆ. ಕಾನೂನಿನ ಅಂಚಿನವರೆಗೂ ಹೋಗಿ ಬರುವ ಈ ಜಾಣತನವನ್ನು ಜನ ಆಫೀಸುಗಳಲ್ಲಿ ದಿನಾ ನೋಡಿರುತ್ತಾರೆ, ಅಲ್ಲಿ ಕೂಗುವಂತಿಲ್ಲ. ಕೊನೆಗೆ ನಾಯಕ ಸಿಡಿದೆದ್ದಾಗ ಇದೇ ಖಳ ಮಂಡಿಯೂರಿ ಬೇಡುತ್ತಾನೆ. ಆ ಬೇಡುವಿಕೆ ಸರಿಯಾಗಿ ಬರದಿದ್ದರೆ ನಾಯಕನ ಗೆಲುವು ಸಪ್ಪೆ. ಪಂದ್ಯದ ಲಯ ಹೆಚ್ಚಾಗಿ ಖಳನ ಕೈಯಲ್ಲೇ ಇರುತ್ತದೆ, ಅದಕ್ಕೇ ಅನುಭವಿಗಳಿಗೇ ಆ ಪಾತ್ರ ಒಪ್ಪಿಸುವುದು ವಾಡಿಕೆ.

ಕರಾವಳಿಯ ಕೇಳುಗರಿಗೆ ಇದು ಹೊಸ ಪಾಠವೇನಲ್ಲ. ‘ದೇವಿ ಮಹಾತ್ಮೆ’ ಯಕ್ಷಗಾನಕ್ಕೆ ಹೋದವರು ನಿದ್ದೆಗಣ್ಣಿನಲ್ಲೂ ಕಾಯುವುದು ಮಹಿಷಾಸುರನ ಪ್ರವೇಶಕ್ಕೆ. ಮುಖಕ್ಕೆ ಅಕ್ಕಿಹಿಟ್ಟಿನ ಉಬ್ಬುಚುಕ್ಕಿಗಳ ಚಿಟ್ಟಿ ಇಟ್ಟ ಬಣ್ಣದ ವೇಷ, ದೊಂದಿಯ ಬೆಂಕಿಯಲ್ಲಿ ಸಭೆಯ ನಡುವಿನಿಂದಲೇ ಕೂಗುತ್ತ ನುಗ್ಗುತ್ತದೆ. ಮಕ್ಕಳು ಅಮ್ಮನ ಸೆರಗು ಹಿಡಿಯುತ್ತಾರೆ, ಆದರೂ ಒಂದು ಕಣ್ಣು ತೆರೆದಿರುತ್ತದೆ. ಅವನು ಸಾಯುತ್ತಾನೆಂದು ಗೊತ್ತಿಲ್ಲದವರು ಅಲ್ಲಿ ಯಾರೂ ಇಲ್ಲ. ಯಕ್ಷಗಾನದ ತೆಂಕುತಿಟ್ಟು ಶೈಲಿಯಲ್ಲಿ ಬಣ್ಣದ ಮಾಲಿಂಗರಂಥ ಕಲಾವಿದರಿಗೆ ಹೆಸರು ಬಂದದ್ದೇ ಈ ಸಾಯುವ ಪಾತ್ರಗಳಿಂದ. ನಮ್ಮ ಗರಡಿ ಮನೆಯ ಕುಸ್ತಿಯಲ್ಲಿ ಮಾತ್ರ ಈ ಪಾತ್ರವಿಲ್ಲ. ದಸರಾ ಕುಸ್ತಿಯಲ್ಲಿ ಎರಡೂ ಕಡೆಯ ಪೈಲ್ವಾನರು ಒಂದೇ ಮಣ್ಣು ಮುಟ್ಟಿ ನಮಸ್ಕರಿಸಿ ಕೈ ಕೂಡಿಸುತ್ತಾರೆ. ಅಲ್ಲಿ ಖಳನನ್ನು ಹುಡುಕುವವನು ಅಖಾಡ ಬಿಟ್ಟು ರಂಗಸ್ಥಳಕ್ಕೆ ಹೋಗಬೇಕು.

ಮಹಿಷನಿಗೂ ರೆಸ್ಲಿಂಗ್ ಖಳನಿಗೂ ಒಂದು ದೊಡ್ಡ ವ್ಯತ್ಯಾಸ ಇದೆ. ಮಹಿಷ ಯಾವ ದೇಶದವನೂ ಅಲ್ಲ. ರೆಸ್ಲಿಂಗ್ ಖಳನ ಕೈಗೆ ಮಾತ್ರ ಪದೇಪದೇ ಪಾಸ್‌ಪೋರ್ಟ್ ಕೊಟ್ಟರು. ಮಹಾಯುದ್ಧ ಮುಗಿದ ಮೇಲೆ ವಾಲ್ಡೋ ವಾನ್ ಎರಿಕ್ ಜರ್ಮನ್ ಖಳನಾಗಿ ಅಬ್ಬರಿಸಿದ. ನಿಜದಲ್ಲಿ ಅವನು ಕೆನಡಾದ ಟೊರೊಂಟೊದವ. ಪಂಜಾಬಿನಲ್ಲಿ ಹುಟ್ಟಿ ಕೆನಡಾಕ್ಕೆ ಹೋದ ಟೈಗರ್ ಜೀತ್ ಸಿಂಗ್ 1973ರಲ್ಲಿ ಜಪಾನಿಗೆ ಹೋಗಿ, ಪೇಟ ಸುತ್ತಿ, ಬಾಯಲ್ಲಿ ಕತ್ತಿ ಕಚ್ಚಿಕೊಂಡು ಬರತೊಡಗಿದ. ಟೋಕಿಯೊದ ಶಿಂಜುಕುವಿನ ಅಂಗಡಿಯೊಂದರ ಮುಂದೆ, ನಡುಬೀದಿಯಲ್ಲಿ, ಜಪಾನಿನ ಕಣ್ಮಣಿಯಾಗಿದ್ದ ಮಲ್ಲ ಆಂಟೋನಿಯೊ ಇನೋಕಿಯ ಮೇಲೆ ಎರಗಿದ. ಜಪಾನಿನಲ್ಲಿ ಅವನನ್ನು ಕಂಡರೆ ಜನ ಓಡುತ್ತಿದ್ದರು. ಕೆನಡಾದ ಮಿಲ್ಟನ್ ಊರಿನಲ್ಲಿ 2010ರಲ್ಲಿ ಸರ್ಕಾರಿ ಶಾಲೆಯೊಂದಕ್ಕೆ ಅವನದೇ ಹೆಸರಿಟ್ಟರು. ಒಂದೇ ಮನುಷ್ಯ, ಎರಡು ಊರು.

1990ರ ದಶಕದಲ್ಲಿ ಕೇಬಲ್ ಟಿವಿ ನೋಡಿ ಬೆಳೆದ ನಮ್ಮ ಬೆಂಗಳೂರು, ಹುಬ್ಬಳ್ಳಿ ಹುಡುಗರಿಗೆ ಇದೆಲ್ಲ ಬಂದದ್ದು ಟ್ರಂಪ್ ಕಾರ್ಡುಗಳ ಮೂಲಕ. ಎತ್ತರ, ತೂಕ, ಎದೆಯಳತೆ, ರ‍್ಯಾಂಕ್. ಆ ಕಾರ್ಡುಗಳಲ್ಲಿ ಒಳ್ಳೆಯವ, ಕೆಟ್ಟವ ಎಂಬ ಅಂಕಣವೇ ಇರಲಿಲ್ಲ. ಹೆಣದಪೆಟ್ಟಿಗೆಯ ಜೊತೆ ಬರುತ್ತಿದ್ದ ಅಂಡರ್‌ಟೇಕರ್ ನಮ್ಮಲ್ಲಿ ಯಾವತ್ತೂ ವಿಲನ್ ಆಗಲೇ ಇಲ್ಲ, ಸತ್ತು ಎದ್ದು ಬರುವವನನ್ನು ನಾವು ಬೇರೆ ಥರವೇ ನೋಡುತ್ತೇವೆ ಅಂತ ಕಾಣುತ್ತದೆ. 2006ರಲ್ಲಿ ಹಿಮಾಚಲದ ದಲೀಪ್ ಸಿಂಗ್ ರಾಣಾ, ಅಂದರೆ ಗ್ರೇಟ್ ಖಲಿ, ಅದೇ ಅಂಡರ್‌ಟೇಕರ್‌ನ ಮೇಲೆ ಬಿದ್ದ. ಅಮೆರಿಕದ ಸಭೆಗೆ ಅವನು ರಾಕ್ಷಸ, ಭಾರತದ ಟಿವಿ ಮುಂದೆ ಕೂತವರಿಗೆ ನಮ್ಮ ಹುಡುಗ.

ಈ ಎಳೆದಾಟ ಜೋರಾಗಿ ಬಯಲಿಗೆ ಬಂದದ್ದು 2017ರಲ್ಲಿ. ಕೆನಡಾದ ಕ್ಯಾಲ್ಗರಿಯಲ್ಲಿ ಪಂಜಾಬಿ ಕುಟುಂಬದಲ್ಲಿ ಹುಟ್ಟಿದ ಜಿಂದರ್ ಮಹಲ್ ಮೇ 21ರಂದು ಅಮೆರಿಕದ ರೆಸ್ಲಿಂಗ್ ಕಂಪನಿ ಡಬ್ಲ್ಯುಡಬ್ಲ್ಯುಇಯ ಚಾಂಪಿಯನ್ ಆದ. ಅವನ ಬಂಧು ಗಾಮಾ ಸಿಂಗ್ ಕೂಡ ಅದೇ ಊರಿನ ರಿಂಗಿನಲ್ಲಿ ಖಳನಾಗಿ ಹೆಸರು ಮಾಡಿದವ. ಒಂದು ರೀತಿಯಲ್ಲಿ ಮನೆತನದ ಕಸುಬು. ಪೇಟ ಸುತ್ತಿ, ‘ಮಹಾರಾಜ’ ಎಂಬ ಬಿರುದು ಹೊತ್ತು, ನಡುನಡುವೆ ಪಂಜಾಬಿ ಮಾತಾಡುತ್ತ, ನಾನು ನಿಮ್ಮಂತೆ ಕಾಣುವುದಿಲ್ಲ ಅಂತಲೇ ನನ್ನನ್ನು ಬೈಯುತ್ತೀರಿ ಎಂದು ಅವನು ಅಮೆರಿಕದ ಪ್ರೇಕ್ಷಕರನ್ನು ಚುಚ್ಚುತ್ತಿದ್ದ. ಖಳನ ಬಾಯಲ್ಲಿ ಇಂಥ ಮಾತು ಇಡುವುದು ಬರೆಯುವವರ ಕುತಂತ್ರವೆಂದೇ ನನ್ನ ಎಣಿಕೆ. ಮಾತು ಅರ್ಧ ನಿಜ, ಆದರೆ ಹೇಳುವವನು ಮೋಸಗಾರ. ಕೇಳುವವನು ಮೋಸವನ್ನು ಬೈದು ನಿಜದಿಂದ ಪಾರಾಗಬಹುದು. ಟ್ರುಗನಿನಾದಂಥ ಊರಲ್ಲಿ ಕೂತು ನೋಡುವ ನಮ್ಮ ಮಕ್ಕಳಿಗೆ ಆ ದಾರಿ ಅಷ್ಟು ಸಲೀಸಲ್ಲ. ಶಾಲೆಯ ಡಬ್ಬಿಯಲ್ಲಿ ಚಿತ್ರಾನ್ನ ಒಯ್ಯುವವರಿಗೆ ಆ ಚುಚ್ಚುಮಾತು ಚುಚ್ಚುವುದು ಬೇರೆ ಕಡೆ. ಅದೇ ವರ್ಷದ ಡಿಸೆಂಬರ್‌ನಲ್ಲಿ ದೆಹಲಿಯಲ್ಲಿ ಜಿಂದರ್ ಅಮೆರಿಕದ ಮಲ್ಲ ಟ್ರಿಪಲ್ ಎಚ್‌ಗೆ ಸೋತ. ಪಂದ್ಯ ಮುಗಿದ ಮೇಲೆ ಇಬ್ಬರೂ ಸೇರಿ ಭಾಂಗ್ರಾ ಕುಣಿದರು.

ಆ ಟ್ರಿಪಲ್ ಎಚ್ ಪಟ್ಟು ಕಲಿತದ್ದು ಕೊವಾಲ್‌ಸ್ಕಿ ಅಮೆರಿಕದಲ್ಲಿ ನಡೆಸುತ್ತಿದ್ದ ಶಾಲೆಯಲ್ಲಿ. 2018ರ ಅಕ್ಟೋಬರ್ 6ರಂದು ಅವನು ಮೆಲ್ಬರ್ನ್ ಕ್ರಿಕೆಟ್ ಮೈದಾನದಲ್ಲಿ ಅಂಡರ್‌ಟೇಕರ್ ಎದುರು ಇಳಿದ. ಅಂದು 70,309 ಜನ ಸೇರಿದ್ದರೆಂದು ಘೋಷಿಸಿದರು. ಆದರೆ ಆ ದಿನದ ಸ್ವಾರಸ್ಯ ಚಿಕ್ಕ ಪಂದ್ಯಗಳಲ್ಲಿತ್ತು. ಬಡ್ಡಿ ಮರ್ಫಿ ಮೆಲ್ಬರ್ನ್‌ನವನೇ, ಪಾತ್ರ ಖಳನದು. ಸಿಡ್ನಿಯ ಪೇಟನ್ ರಾಯ್ಸ್, ಬಿಲ್ಲಿ ಕೇ ಎಂಬ ಜೋಡಿಯೂ ಅಷ್ಟೇ, ಬಾಯಿಬಡುಕಿ ಖಳನಾಯಕಿಯರು. ಮೂವರೂ ಬಂದ ಕೂಡಲೇ ಸಭೆ ಎದ್ದು ನಿಂತು ಹುರಿದುಂಬಿಸಿತು. ಮೂವರೂ ಗೆದ್ದರು. ಮರ್ಫಿಗೆ ಕ್ರೂಸರ್‌ವೇಟ್ ಪಟ್ಟವೂ ಸಿಕ್ಕಿತು. ಎದುರಿಗಿದ್ದ ಸೀಡ್ರಿಕ್ ಅಲೆಕ್ಸಾಂಡರ್, ಅಮೆರಿಕದಲ್ಲಿ ಒಳ್ಳೆಯವನೆಂದು ಹೆಸರಾದವನು, ಆ ಒಂದು ರಾತ್ರಿಯ ಮಟ್ಟಿಗೆ ಸುಮ್ಮನೆ ಬೈಸಿಕೊಂಡ.