ಉಬ್ಬರ ಏರಿದಾಗ ಇಲಿ ಎಲ್ಲಿಗೆ ಹೋಗಬೇಕು?



ಫ್ರೀಮಾಂಟ್, ಮಿಲ್ಪಿಟಾಸ್, ಸನ್ನಿವೇಲ್‌ಗಳಲ್ಲಿ ಮನೆ ಮಾಡಿಕೊಂಡಿರುವ ಕನ್ನಡಿಗರು ಈ ಸಭೆಯಲ್ಲಿ ಬಹಳ ಮಂದಿ ಇದ್ದೀರಿ. ನಮ್ಮ ಕಚೇರಿಗಳ ಹಿತ್ತಲಿನಂತಿರುವ ಸ್ಯಾನ್ ಫ್ರಾನ್ಸಿಸ್ಕೋ ಕೊಲ್ಲಿಯ ಉಪ್ಪುಜೌಗಿನಲ್ಲಿ, ಜಗತ್ತಿನ ಬೇರೆಲ್ಲೂ ಕಾಣದ ಒಂದು ಇಲಿ ಬದುಕಿದೆ: ಸಾಲ್ಟ್ ಮಾರ್ಷ್ ಹಾರ್ವೆಸ್ಟ್ ಮೌಸ್. ತೂಕ ಹತ್ತು ಗ್ರಾಂ ಆಸುಪಾಸು. ಪಿಕಲ್‌ವೀಡ್ ಎಂಬ ಉಪ್ಪುಂಡ ಗಿಡವೇ ಅದಕ್ಕೆ ಮುಖ್ಯ ಊಟ, ಅದರ ಪೊದೆಯೇ ಮನೆ. ಅಮೆರಿಕ ಸರ್ಕಾರ 1970ರಲ್ಲೇ ಇದನ್ನು ಅಳಿವಿನಂಚಿನ ಪ್ರಾಣಿಗಳ ಪಟ್ಟಿಗೆ ಸೇರಿಸಿತು.

ಕೊಲ್ಲಿಯ ಜೌಗಿನ ಬಹುಪಾಲು ಒಡ್ಡುಗಳ ಹಿಂದೆ ಉಪ್ಪಿನ ಆಗರವಾಗಿ, ಹೊಲವಾಗಿ, ಊರಾಗಿ ಹೋಯಿತು. ಕೊಲ್ಲಿಯನ್ನು ಮಣ್ಣು ತುಂಬಿ ಮುಚ್ಚುವುದರ ವಿರುದ್ಧ 1961ರಲ್ಲಿ ಎದ್ದು ನಿಂತವರು ಕೇ ಕೆರ್, ಸಿಲ್ವಿಯಾ ಮೆಕ್‌ಲಾಫ್ಲಿನ್, ಎಸ್ತರ್ ಗುಲಿಕ್ ಎಂಬ ಮೂವರು ಮಹಿಳೆಯರು. 2003ರಲ್ಲಿ ದಕ್ಷಿಣ ಕೊಲ್ಲಿಯ 15,100 ಎಕರೆ ಆಗರಗಳು ಸಾರ್ವಜನಿಕರ ಕೈಗೆ ಬಂದವು. ಅವನ್ನು ಮತ್ತೆ ಜೌಗಾಗಿಸಲು ಒಡ್ಡು ಒಡೆದಲ್ಲಿ ಉಬ್ಬರ ಒಳಬಂದು ಹೂಳು ಕೂರುತ್ತದೆ, ನೆಲ ಸಾಕಷ್ಟು ಎತ್ತರವಾದ ಮೇಲೆ ಪಿಕಲ್‌ವೀಡ್ ತಾನಾಗಿಯೇ ಬರುತ್ತದೆ. ಅಷ್ಟಕ್ಕೆ ಯಂತ್ರ ಸಾಕು, ಕಾಲ ಸಾಕು.

ಜನರ ಕೈ ಬೇಕಾಗಿರುವುದು ಜೌಗಿನ ಮೇಲಂಚಿನಲ್ಲಿ. ಡಿಸೆಂಬರ್, ಜನವರಿಯಲ್ಲಿ ಬರುವ ಅತಿ ಎತ್ತರದ ಉಬ್ಬರದ, ಅಂದರೆ ಕಿಂಗ್ ಟೈಡ್‌ನ ದಿನ ಹೋಗಿ ನೋಡಿ. ನೀರು ಏರುತ್ತ ಏರುತ್ತ ಪಿಕಲ್‌ವೀಡ್ ಮುಳುಗುತ್ತದೆ. ಇಲಿ ಮೇಲಕ್ಕೆ ಓಡಬೇಕು. ಹಿಂದೆ ಅಲ್ಲಿ ಜೌಗು ಮೆಲ್ಲಗೆ ಇಳಿಜಾರಾಗಿ ಹುಲ್ಲುಗಾವಲಿಗೆ ಸೇರುತ್ತಿತ್ತು. ಈಗ ಎದುರಾಗುವುದು ಕಡಿದಾದ ಬೋಳು ಒಡ್ಡು. ಬೆಳ್ಳಕ್ಕಿಗಳಿಗೆ ಇದು ಚೆನ್ನಾಗಿ ಗೊತ್ತು; ನೀರಂಚಿನಲ್ಲಿ ಕಾದು ನಿಂತು, ಬಯಲಿಗೆ ಬಿದ್ದ ಇಲಿಯನ್ನು ಕೊಕ್ಕಿನಲ್ಲಿ ಎತ್ತಿ ನುಂಗಿಬಿಡುತ್ತವೆ. ಅದೇ ಜಾಗದಲ್ಲಿ ಒಂದು ಗಂಪ್ಲಾಂಟ್ ಇದ್ದರೆ, ಅಂಟು ಮೊಗ್ಗಿನ ಆ ಪೊದೆಯ ಕೊಂಬೆಗಳು ನೀರಿನ ಮೇಲೆ ನಿಂತಿದ್ದರೆ, ಇಲಿ ಅದನ್ನೇರಿ ಇಳಿತದವರೆಗೂ ಜೀವ ಹಿಡಿದುಕೊಳ್ಳುತ್ತದೆ.

ಹೀಗಿರುವಾಗ, ಇಂಥ ಪೊದೆಗಳನ್ನು ನೆಟ್ಟು ಬೆಳೆಸುವ ಸ್ವಯಂಸೇವೆಯನ್ನು ನಾವು ಅಳೆಯುವ ರೀತಿಯೇ ಸರಿಯಿಲ್ಲ ಎಂಬುದು ನನ್ನ ದೃಢ ಅಭಿಪ್ರಾಯ. ಎಷ್ಟು ಜನ ಬಂದರು, ಎಷ್ಟು ಸಸಿ ನೆಟ್ಟರು ಎಂದು ವರದಿ ಬರೆಯುತ್ತೇವೆ. ಚಳಿಗಾಲದ ಮಳೆಯಲ್ಲಿ ನೆಡಲು ಜನ ಸಿಗುತ್ತಾರೆ. ಹನಿ ಮಳೆಯಿಲ್ಲದ ಬೇಸಿಗೆಯಲ್ಲಿ ನೀರುಣಿಸುವವರು, ಪೆಪ್ಪರ್‌ವೀಡ್ ಕಳೆಯನ್ನು ಬೇರುಸಹಿತ ಕೀಳುವವರು ಬೇಕು. ಬೇರಿನ ಚೂರು ಉಳಿದರೂ ಅದು ಮತ್ತೆ ಚಿಗುರುತ್ತದೆ. ಈ ಕೆಲಸಕ್ಕೆ ಚಪ್ಪಾಳೆಯಿಲ್ಲ, ಆದರೆ ಇಲಿಗೆ ಆಸರೆ ಸಿಗುವುದು ಇದರಿಂದಲೇ.

ಇಂಥ ಜೌಗು ಅಲೆಗಳ ಹೊಡೆತ ತಗ್ಗಿಸಿ ಊರನ್ನೂ ಕಾಯುತ್ತದೆ ಎನ್ನುವುದು ನಿಜ. ಆದರೆ ನನ್ನ ಮಟ್ಟಿಗೆ ಈ ಕೆಲಸಕ್ಕೆ ಆ ಇಲಿ ಬದುಕಿರುವುದೇ ಸಾಕಾದಷ್ಟು ಕಾರಣ.

ಇಂದಿನ ಗೋಷ್ಠಿಗಳ ಮುಂದೆ ಎರಡು ಪ್ರಶ್ನೆ ಇಡುತ್ತೇನೆ. ನೆಟ್ಟ ಮೂರನೆಯ ಚಳಿಗಾಲದಲ್ಲಿ, ಕಿಂಗ್ ಟೈಡ್ ನೀರಿನ ಮೇಲೆ ಎಷ್ಟು ಪೊದೆ ಉಳಿದಿತ್ತು ಎಂಬುದನ್ನು ದಾಖಲಿಸುವ ಕ್ರಮವನ್ನು ಹೇಗೆ ರೂಪಿಸೋಣ? ಮತ್ತು, ಜುಲೈ ತಿಂಗಳ ಬಿಸಿಲಿಗೆ ಯಾರು ಯಾರು ಬರುತ್ತೀರಿ?